ಬೇಟೆಯಿಲ್ಲದ ಊರಿನ ಬೇಟೆ ಚಾಕು

ಮುಂಬಯಿ ಪಕ್ಕದ ಠಾಣೆಯ ನೌಪಾಡಾದಲ್ಲಿ ಕೂತು ಫೋನಿನಲ್ಲಿ ಹುಡುಕಿದರೆ ‘ಹಂಟಿಂಗ್ ನೈಫ್’ ಎಂಬ ಹೆಸರಿನ ಚಾಕುಗಳು ನೂರಾರು ಸಿಗುತ್ತವೆ. ಅವುಗಳಿಂದ ಮಾಡಬೇಕಾದ ಬೇಟೆ ಮಾತ್ರ ಸಿಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಗಳಿಗಾದರೂ ಲೈಸೆನ್ಸಿನ ಬೇಟೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಗಿಸಿತು. ಈಗ ಮೋಜಿಗೆಂದು ಕಾಡುಹಂದಿ, ಮೊಲ, ಕಾಡುಕೋಳಿ ಯಾವುದರ ಹಿಂದೆ ಹೋದರೂ ಅದು ಅಪರಾಧವೇ. ಹಾಗಾಗಿ ಪೆಟ್ಟಿಗೆಯ ಮೇಲಿನ ಜಿಂಕೆ ಕೊಂಬಿನ ಚಿತ್ರ ಬೇರೆ ಯಾವುದೋ ದೇಶದ ಗಿರಾಕಿಗೆ ಬರೆದದ್ದು. ಇಲ್ಲಿ ಅದನ್ನು ಕೊಳ್ಳುವವನು ಶನಿವಾರ ರಾತ್ರಿ ಕಸಾರಾ ಲೋಕಲ್ ಹಿಡಿಯುವ ಹುಡುಗ.

ಆ ಹುಡುಗರಿಗೆ ಚಾಕು ಬೇಡವೆಂದಲ್ಲ. ಠಾಣೆ, ಡೊಂಬಿವಿಲಿ, ಕಲ್ಯಾಣ, ವಾಶಿಯಿಂದ ಬೆನ್ನಿಗೆ ಚೀಲ ಹಾಕಿಕೊಂಡು ಸಹ್ಯಾದ್ರಿಗೆ ಹೊರಡುವ ಗುಂಪುಗಳಲ್ಲಿ ನಮ್ಮ ಕನ್ನಡದ ಮನೆಗಳವರೂ ಸಾಕಷ್ಟು ಮಂದಿ ಇದ್ದಾರೆ. ಕುಂದಾಪುರದ ಕಡೆಯಿಂದ ಬಂದು ಹೋಟೆಲು ಕಟ್ಟಿದವರ ಮೊಮ್ಮಕ್ಕಳು, ಧಾರವಾಡ ಬಿಜಾಪುರದಿಂದ ರೈಲ್ವೆಗೆ, ಬ್ಯಾಂಕಿಗೆ ಬಂದವರ ಮಕ್ಕಳು. ಅವರ ಜೊತೆ ಮುರಬಾಡದ ತೋಟಗಳಲ್ಲಿ, ಪವನಾ ಜಲಾಶಯದ ದಂಡೆಯಲ್ಲಿ ಡೇರೆ ಹಾಕಿ ಮಲಗಿದ ರಾತ್ರಿಗಳಲ್ಲಿ ಚಾಕು ನಿಜವಾಗಿ ಏನು ಕೆಲಸ ಮಾಡುತ್ತದೆ ಎಂದು ನೋಡುತ್ತ ಬಂದಿದ್ದೇನೆ. ಈರುಳ್ಳಿ, ಟೊಮೆಟೊ, ನಿಂಬೆ. ಹಳ್ಳಿಯಿಂದ ತಂದ ಕೋಳಿ. ಗಂಟು ಬಿಗಿದ ನೈಲಾನ್ ಹಗ್ಗ. ಡೇರೆಯ ಗೂಟ ಕಳೆದುಹೋದರೆ ಅದರ ಬದಲಿಗೆ ಬಿದಿರಿನ ಚೂರು. ಮ್ಯಾಗಿ ಪೊಟ್ಟಣ, ಹಾಲಿನ ಪ್ಯಾಕೆಟ್ಟು. ಚಳಿಗಾಲದಲ್ಲಿ ಒಲೆ ಹತ್ತಿಸಲು ಒಣಕಡ್ಡಿಯಿಂದ ಹೆರೆದ ಸಿಬಿರು. ಇಷ್ಟೇ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಆರಿಸಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಆದರೆ ಯಾರೂ ಹಾಗೆ ಆರಿಸುವುದಿಲ್ಲ. ಡೊಂಬಿವಿಲಿಯ ನನ್ನ ಸೋದರಳಿಯ ಕಾಲೇಜು ಮುಗಿಸಿದ ವರ್ಷ ಫೋನು ಮುಂದೆ ಹಿಡಿದು, “ಮಾಮ, ಇದು ನೋಡು, ಹನ್ನೆರಡು ಇಂಚು, ಬೆನ್ನಿಗೆ ಗರಗಸ, ಹಿಡಿ ಬಿಚ್ಚಿದರೆ ಒಳಗೆ ದಿಕ್ಸೂಚಿ!” ಎಂದಾಗ ಅವನ ಕಣ್ಣಲ್ಲಿ ಕಂಡದ್ದು ಈರುಳ್ಳಿಯಲ್ಲ, 1982ರ ‘ಫಸ್ಟ್ ಬ್ಲಡ್’ ಸಿನಿಮಾ. ರ‍್ಯಾಂಬೋನ ಚಾಕು ನೋಡಿ ಜಗತ್ತಿನ ಅಗ್ಗದ ಕಾರ್ಖಾನೆಗಳೆಲ್ಲ ಟೊಳ್ಳು ಹಿಡಿಯ ಚಾಕು ಮಾಡತೊಡಗಿದವು. ಹಿಡಿ ಟೊಳ್ಳಾಗಿದ್ದರೆ ಅಲಗಿನ ಬುಡ ಅದರೊಳಗೆ ಒಂದೆರಡು ಇಂಚಿಗಿಂತ ಹೆಚ್ಚು ಇಳಿಯಲು ಜಾಗವೇ ಇರುವುದಿಲ್ಲ. ಬಿದಿರಿಗೆ ನಾಲ್ಕು ಏಟು ಬಿದ್ದ ಮೇಲೆ ಅಲಗು ಅಲ್ಲಾಡತೊಡಗುತ್ತದೆ. ಅಲ್ಲಾಡುವ ಅಲಗಿಗಿಂತ ಅಪಾಯದ ವಸ್ತು ಡೇರೆಯಲ್ಲಿ ಇನ್ನೊಂದಿಲ್ಲ. ಬೆನ್ನಿನ ಗರಗಸವೂ ಅಷ್ಟೆ: ಹಲ್ಲುಗಳ ನಡುವೆ ಹೊಟ್ಟು ಸಿಕ್ಕಿಕೊಂಡು ಎರಡನೇ ಎಳೆತಕ್ಕೇ ನಿಲ್ಲುತ್ತದೆ.

ಅವನಿಗೆ ಉಕ್ಕು, ಹಿಡಿ ಎಂದು ವಿವರಿಸುವ ಮೊದಲು ಕಾನೂನು ಹೇಳಬೇಕಾಯಿತು. ಈ ಊರಿನಲ್ಲಿ ಚಾಕುವಿನ ಉದ್ದವನ್ನು ಅಂಗಡಿಗಿಂತ ಮೊದಲು ಕಾನೂನೇ ನಿರ್ಧರಿಸುತ್ತದೆ.

ವನ್ಯಜೀವಿ ಕಾಯ್ದೆಯಲ್ಲಿ ‘ಆಯುಧ’ ಎಂದರೆ ಏನೆಂಬ ವಿವರಣೆ ಇದೆ. ಬಂದೂಕು, ಬಿಲ್ಲುಬಾಣ, ಬಲೆ, ಉರುಳು, ವಿಷದ ಸಾಲಿನಲ್ಲಿ ಚಾಕುವಿನ ಹೆಸರೂ ಇದೆ. ಅದೇ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. 35ನೇ ಕಲಮು ಈ ನಿಯಮವನ್ನು ರಾಷ್ಟ್ರೀಯ ಉದ್ಯಾನಗಳಿಗೂ ಹಚ್ಚುತ್ತದೆ. ನೌಪಾಡಾದಿಂದ ರಿಕ್ಷಾ ಹತ್ತಿದರೆ ಮುಟ್ಟುವ ಯೇವೂರು ಬೆಟ್ಟದ ಕಾಡು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ್ದು. ಠಾಣೆಯ ಚಾರಣಿಗರೆಲ್ಲ ಒಮ್ಮೆಯಾದರೂ ಹತ್ತುವ ಆಸನಗಾಂವ್ ಬಳಿಯ ಮಾಹುಲಿ ಕೋಟೆ ಇರುವುದು ತಾನ್ಸಾ ಅಭಯಾರಣ್ಯದಲ್ಲಿ. ಹರಿಶ್ಚಂದ್ರಗಡ, ಕಳಸೂಬಾಯಿ ಎರಡೂ ಸೇರಿ ಒಂದೇ ಅಭಯಾರಣ್ಯ. ಪನವೇಲ್ ದಾರಿಯ ಕರ್ನಾಳಾ ಪಕ್ಷಿಧಾಮ. ಅಂದರೆ ವಾರಾಂತ್ಯದ ಹೆಸರಾಂತ ಜಾಗಗಳಲ್ಲಿ ಅನೇಕ ಕಡೆ ಸೊಂಟದಲ್ಲಿ ಚಾಕು ಕಟ್ಟಿಕೊಂಡು ಹೋಗುವುದೇ ತಪ್ಪು. ಅರಣ್ಯ ಕಾವಲುಗಾರ ಚೀಲ ಬಿಚ್ಚಿಸಿದರೆ “ತರಕಾರಿ ಹೆಚ್ಚಲು” ಎಂಬ ಉತ್ತರ ಅವನಿಗೆ ಹಿಡಿಸಬಹುದು, ಹಿಡಿಸದಿರಬಹುದು. ಅಂಥ ಕಡೆ ಈರುಳ್ಳಿಯನ್ನು ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬಿಕೊಂಡು ಹೋಗುವುದನ್ನು ನಮ್ಮ ಗುಂಪು ರೂಢಿ ಮಾಡಿಕೊಂಡಿದೆ. ಹಗ್ಗಕ್ಕೆ ಮೊಂಡು ಮೂತಿಯ ಕತ್ತರಿ ಸಾಕು.

“ಚಿರತೆ ಬಂದರೆ?” ಎಂದು ಯೇವೂರಿನ ಮಾತು ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಚಿರತೆ ಬಂದದ್ದುಂಟು, ಕಾಡಿನಲ್ಲಲ್ಲ, ಊರಿಗೇ. 2019ರ ಫೆಬ್ರವರಿಯಲ್ಲಿ ಠಾಣೆಯ ಕೋರಂ ಮಾಲ್‌ನ ಕ್ಯಾಮೆರಾದಲ್ಲಿ ಒಂದು ಚಿರತೆ ಬೆಳಗಿನ ಜಾವ ಓಡಾಡಿದ್ದು ಕಾಣಿಸಿತು. ಅಲ್ಲಿಂದ ಅದು ಹತ್ತಿರದ ಹೋಟೆಲೊಂದಕ್ಕೆ ನುಗ್ಗಿತ್ತು. ಉದ್ಯಾನದ ತಂಡ ಬಂದು ಅರಿವಳಿಕೆ ಚುಚ್ಚಿ ಹಿಡಿದೊಯ್ದಿತು. ಚಿರತೆಗೆ ಉತ್ತರ ದೂರದಿಂದ ಹಾರಿಸಿದ ಆ ಸೂಜಿಯೇ ಹೊರತು ತೋಳಳತೆಯ ಚಾಕುವಲ್ಲ. ಆತ್ಮರಕ್ಷಣೆಗೆಂದು ದೊಡ್ಡ ಅಲಗು ಕೊಳ್ಳುವವರಿಗೆ ನಾನು ದೊಡ್ಡ ಟಾರ್ಚು ಕೊಳ್ಳಿ ಎನ್ನುತ್ತೇನೆ.

ಕಾಡಿನ ಕಾನೂನು ಇದಾದರೆ ಊರಿನದು ಬೇರೆ. ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ, ಇಲ್ಲವೇ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಖಡ್ಗ, ಭರ್ಜಿ, ಬಾಕುಗಳ ಜೊತೆ ಆಯುಧಗಳ ಪಟ್ಟಿಯಲ್ಲಿ ಬರುತ್ತವೆ. ಖುಕ್ರಿಯನ್ನು ಹೆಸರು ಹಿಡಿದೇ ಸೇರಿಸಿದ್ದಾರೆ. ಅಡುಗೆಮನೆ, ಹೊಲ, ಪ್ರಯೋಗಾಲಯ, ಕಾರ್ಖಾನೆಯ ಕೆಲಸಕ್ಕೆಂದು ಮಾಡಿದವಕ್ಕೆ ವಿನಾಯಿತಿ. ಕೊಯ್ಯುವ ಕೊಯ್ತಾಕ್ಕೆ ಇರುವ ರಕ್ಷಣೆ ಹನ್ನೆರಡು ಇಂಚಿನ ‘ಸರ್ವೈವಲ್ ನೈಫ್’ಗೆ ಇಲ್ಲ. ಇದರ ಮೇಲೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮು. ಹಬ್ಬ, ಮೆರವಣಿಗೆ, ಚುನಾವಣೆಯ ದಿನಗಳಲ್ಲಿ ಠಾಣೆಯ ಪೊಲೀಸ್ ಆಯುಕ್ತರು ಇದರ ಅಡಿ ಮನಾಯಿ ಆದೇಶ ಹೊರಡಿಸುತ್ತಾರೆ. ಆ ಅವಧಿಯಲ್ಲಿ ದೊಣ್ಣೆಯಿಂದ ಚಾಕುವಿನವರೆಗೆ ಯಾವುದನ್ನೂ ಸಾರ್ವಜನಿಕ ಜಾಗದಲ್ಲಿ ಒಯ್ಯುವಂತಿಲ್ಲ. ಕಲ್ಯಾಣ, ಡೊಂಬಿವಿಲಿ, ಭಿವಂಡಿ, ಉಲ್ಹಾಸನಗರ ಎಲ್ಲವೂ ಇದೇ ಆಯುಕ್ತಾಲಯದ ವ್ಯಾಪ್ತಿ. ನವಿ ಮುಂಬಯಿಗೆ ಬೇರೆ ಆಯುಕ್ತರು, ಬೇರೆ ಆದೇಶ. ಡಿಸೆಂಬರದ ಶನಿವಾರ ಠಾಣೆಯಿಂದ ಹೊರಟು ಐರೋಲಿ ಸೇತುವೆ ದಾಟಿದರೆ ನಿಯಮವೂ ಬದಲಾಗಿರಬಹುದು.

ಪುಣೆಯಲ್ಲಿ ‘ಕೊಯ್ತಾ ಗ್ಯಾಂಗ್’ ಎಂಬ ಮಾತು ಪತ್ರಿಕೆಗಳ ತಲೆಬರಹ ಏರಿದ ಮೇಲಂತೂ ಪೊಲೀಸರ ಕಣ್ಣು ಇನ್ನಷ್ಟು ಚುರುಕು. 2018ರಲ್ಲಿ ಔರಂಗಾಬಾದಿನ ಪೊಲೀಸರು ಆನ್‌ಲೈನಿನಲ್ಲಿ ತರಿಸಿದ ಖಡ್ಗ ಚಾಕುಗಳನ್ನು ರಾಶಿಯಾಗಿ ವಶಪಡಿಸಿಕೊಂಡಿದ್ದರು. ಆಟಿಕೆ ಎಂಬ ಹೆಸರಿನಲ್ಲಿ ಮಾರಿದ್ದರೂ ಕೊಂಡವರ ಬಾಗಿಲಿಗೆ ಪೊಲೀಸರು ಹೋದರು. ಪೆಟ್ಟಿಗೆ ಮನೆಗೆ ಬಂತೆಂದರೆ ವಸ್ತು ಕಾನೂನುಬದ್ಧ ಎಂದು ಅರ್ಥವಲ್ಲ.

ಇದೆಲ್ಲ ಕೇಳಿ ಅಳಿಯನ ಮುಖ ಇಳಿಯಿತು. ಆದರೆ ಕಾನೂನು ಬದಿಗಿಟ್ಟರೂ ಉತ್ತರ ಬದಲಾಗುವುದಿಲ್ಲ. ಬೇಟೆ ಕಾನೂನುಬದ್ಧವಾಗಿದ್ದ ದೇಶಗಳಲ್ಲಿ, ಕಾಡಿನಲ್ಲಿ ಪಳಗಿದವರೇ ದೊಡ್ಡ ಚಾಕುವನ್ನು ಬೈದಿದ್ದಾರೆ. ಅಮೆರಿಕದಲ್ಲಿ ‘ನೆಸ್ಮಕ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ತನ್ನ ‘ವುಡ್‌ಕ್ರಾಫ್ಟ್’ ಪುಸ್ತಕದಲ್ಲಿ ಹೊಗಳಿದ್ದು ಒಂದು ಕೈಕೊಡಲಿ, ಒಂದು ಮಡಚುವ ಚಾಕು, ಮತ್ತು ತೆಳು ಅಲಗಿನ ಒಂದು ಸಣ್ಣ ಚಾಕುವನ್ನು. 1906ರಲ್ಲಿ ಹೊರೇಸ್ ಕೆಫಾರ್ಟ್ ಬರೆದ ಕ್ಯಾಂಪಿಂಗ್ ಪುಸ್ತಕವೂ ದಪ್ಪ ಬೋವಿ ಚಾಕುಗಳನ್ನು ಗೇಲಿ ಮಾಡಿ, ಅಡುಗೆಮನೆಯ ಚಾಕುವಿನ ಹತ್ತಿರದ ನೆಂಟನಂತಿರುವ ಅಲಗನ್ನೇ ಒಪ್ಪುತ್ತದೆ. ಇಂದಿನ ಬೇಟೆ ಚಾಕುಗಳಲ್ಲಿ ಜನಪ್ರಿಯವಾದ ‘ಡ್ರಾಪ್ ಪಾಯಿಂಟ್’ ಆಕಾರಕ್ಕೂ ಒಂದು ಕಾರಣವಿದೆ. ಬೆನ್ನು ಮೊನೆಯ ಕಡೆ ಇಳಿದಿದ್ದರೆ ಪ್ರಾಣಿಯ ಹೊಟ್ಟೆ ಸೀಳುವಾಗ ಮೊನೆ ಕರುಳಿಗೆ ಚುಚ್ಚುವುದಿಲ್ಲ. ನಮಗೆ ಆ ಕೆಲಸವಿಲ್ಲ. ಆದರೂ ಅದೇ ಆಕಾರ ಕೋಳಿ ಬಿಡಿಸಲು, ಹಣ್ಣು ಹೆಚ್ಚಲು ಹೊಂದುತ್ತದೆ. ಮೊನೆ ಗಟ್ಟಿ, ಹೊಟ್ಟೆಭಾಗ ಬಾಗಿದ್ದು. ಬೇಟೆ ಹೋದರೂ ಆಕಾರ ಉಳಿದು ಕೆಲಸಕ್ಕೆ ಬಂತು.

ನಮ್ಮ ಕಡೆಯ ಉದಾಹರಣೆಯೇ ಬೇಕೆಂದರೆ ಕೊಡಗು ಇದೆ. ಕೊಡವರ ಉಡುಪಿನಲ್ಲಿ ಎರಡು ಚಾಕುಗಳಿವೆ. ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ಕೆಂಪು ಸೊಂಟಪಟ್ಟಿ ಚೇಲೆಗೆ ಮುಂದೆ ಸಿಕ್ಕಿಸುವುದು ಪೀಚೆಕತ್ತಿ, ಸಣ್ಣದು, ಬೆಳ್ಳಿ ಕೆಲಸದ್ದು. ಬೆನ್ನ ಹಿಂದೆ ತೋಡಂಗ್ ಎಂಬ ಕೊಂಡಿಯಲ್ಲಿ ತೂಗುವುದು ಒಡಿಕತ್ತಿ, ಅಗಲ, ಮುಂದಕ್ಕೆ ಬಾಗಿದ, ತಲೆಭಾರದ್ದು. ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಲ್ಲಿ ಬಂದೂಕಿನ ಜೊತೆ ಕತ್ತಿಗಳಿಗೂ ಪೂಜೆ. ನಾಟಿ ಮುಗಿದು ಬೇಟೆಗೆ ಹೊರಡುತ್ತಿದ್ದ ಕಾಲದ ಹಬ್ಬ ಅದು. ಅವರಿಗೆ ಬಂದೂಕಿನ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, ಬೇಟೆ ಮಾತ್ರ ಅಲ್ಲೂ ಇಲ್ಲ. ನನಗೆ ಇಲ್ಲಿ ಮುಖ್ಯವಾದದ್ದು ಎರಡು ಕತ್ತಿಯ ಹಂಚಿಕೆ. ಕಡಿಯುವುದಕ್ಕೆ ಒಂದು, ಕೊಯ್ಯುವುದಕ್ಕೆ ಇನ್ನೊಂದು. ಒಂದೇ ಅಲಗಿನಲ್ಲಿ ಎರಡನ್ನೂ ಹುಡುಕಲು ಹೋದವನಿಗೆ ಕಡಿಯಲೂ ಆಗದ, ಕೊಯ್ಯಲೂ ಆಗದ ಏಳು ಇಂಚಿನ ದಪ್ಪ ಚಾಕು ಸಿಗುತ್ತದೆ. ಆನ್‌ಲೈನ್ ಅಂಗಡಿಗಳು ತುಂಬಿರುವುದು ಅದರಿಂದಲೇ.

ಶಹಾಪುರ, ಮುರಬಾಡದ ಹಳ್ಳಿಗಳಲ್ಲಿ ಕಾತ್ಕರಿ, ಠಾಕರ್ ಸಮುದಾಯದವರು ಸೊಂಟದ ಹಿಂದೆ ಕೊಕ್ಕೆಗೆ ಸಿಕ್ಕಿಸಿಕೊಂಡು ನಡೆಯುವ ಕೊಯ್ತಾವನ್ನು ನೋಡಿದರೆ ಈ ಹಂಚಿಕೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ತೋಟಗಳಲ್ಲಿ ಸೊಂಟದ ಕೊಕ್ಕೆಯಲ್ಲಿ ತೂಗುವ ಕತ್ತಿಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಬಹುತೇಕ ಇವನ್ನು ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿಯುತ್ತಾರೆ. ಆ ಉಕ್ಕಿನಲ್ಲಿ ಇಂಗಾಲ ಶೇಕಡಾ ಅರ್ಧದ ಆಸುಪಾಸು. ಅಷ್ಟಿದ್ದರೆ ಏಟು ತಾಳುತ್ತದೆ, ಮುರಿಯುವುದಿಲ್ಲ, ಹರಿತ ಬೇಗ ಹೋದರೂ ಹೊಲದ ಕಲ್ಲಿನ ಮೇಲೆ ಎರಡು ಸಲ ಉಜ್ಜಿದರೆ ಮರಳುತ್ತದೆ. ಬಿದಿರು ಕಡಿಯಬೇಕಾದಾಗ ಜೊತೆಗೆ ಬಂದ ಹಳ್ಳಿಯ ಹುಡುಗನಿಗೆ ಹೇಳಿದರೆ ಮುಗಿಯಿತು. ಅವನ ಒಂದೇ ಬೀಸಿನ ಕೆಲಸಕ್ಕೆ ನಾವು ಚಾಕುವಿನ ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಬಡಿಯುತ್ತ ಕೂರಬೇಕು. ವಿದೇಶಿ ವೀಡಿಯೊಗಳಲ್ಲಿ ಈ ಬಡಿತಕ್ಕೆ ‘ಬ್ಯಾಟನಿಂಗ್’ ಎಂದು ಹೆಸರು, ಅದಕ್ಕೆ ಬಹಳ ಗೌರವ. ಹಿಮದಲ್ಲಿ ತೊಯ್ದ ದಿಮ್ಮಿಯ ಒಣ ಒಡಲು ಬೇಕಾದವರಿಗೆ ಅದು ಜೀವದ ಪ್ರಶ್ನೆ. ಪವನಾ ದಂಡೆಯಲ್ಲಿ ಸೌದೆಯ ಕಟ್ಟು ಕ್ಯಾಂಪಿನವರೇ ಮಾರುತ್ತಾರೆ.

ಹಾಗಾದರೆ ಕೊಳ್ಳಬೇಕಾದದ್ದು ಕೊಯ್ಯುವ ಚಾಕು. ಮಡಚದ, ಸ್ಥಿರ ಅಲಗಿನದು ಏಕೆ ಎಂದರೆ ಕೀಲು ಇರುವ ಚಾಕುವಿನೊಳಗೆ ಮೊಟ್ಟೆ, ಕೋಳಿ, ಮಣ್ಣು ಹೊಕ್ಕರೆ ತೊಳೆಯುವುದು ಕಷ್ಟ, ಮತ್ತು ಒದ್ದೆ ಕೈಯಲ್ಲಿ ಅದು ಬೆರಳ ಮೇಲೆ ಮಡಚಿಕೊಳ್ಳಬಹುದು. ಹಿಂದಿ ಸಿನಿಮಾದ ಖಳರು ಚಟ್ಟನೆ ಬಿಚ್ಚುತ್ತಿದ್ದ ರಾಂಪುರಿ ಕೈಗೆ ನಾಟಕ ಕೊಡುತ್ತದೆ, ಟೊಮೆಟೊಗೆ ಏನೂ ಕೊಡುವುದಿಲ್ಲ.

ಉದ್ದ ನಾಲ್ಕು ಇಂಚು. ಅಂಗೈ ಅಗಲದಷ್ಟು ಅಲಗಿದ್ದರೆ ಬೆರಳಿನ ಹತೋಟಿಯಲ್ಲಿರುತ್ತದೆ. ಐದು ದಾಟಿದರೆ ನಿಂಬೆಹಣ್ಣು ಹೆಚ್ಚುವಾಗ ಮೊನೆ ಎಲ್ಲಿದೆ ಎಂದು ನೋಡಬೇಕಾಗುತ್ತದೆ. ದಪ್ಪದ ವಿಷಯಕ್ಕೆ ಬಂದರೆ ಎಲ್ಲರೂ ಎಡವುವುದು ಇಲ್ಲೇ. ಬೆನ್ನು ಐದು ಆರು ಮಿಲಿಮೀಟರ್ ಇದ್ದರೆ ಗಟ್ಟಿ ಎಂದು ಕೈ ಹೇಳುತ್ತದೆ. ಆದರೆ ದಪ್ಪ ಅಲಗು ಈರುಳ್ಳಿಯನ್ನು ಕೊಯ್ಯುವುದಿಲ್ಲ, ಬೆಣೆಯಂತೆ ಸೀಳುತ್ತದೆ, ಅರ್ಧ ದಾರಿಯಲ್ಲಿ ಹೋಳು ಪಟ್ಟೆಂದು ಒಡೆದು ಹಾರುತ್ತದೆ. ಸ್ವೀಡನ್ನಿನ ಮೋರಾ ಊರಿನಲ್ಲಿ ತಯಾರಾಗುವ ‘ಕಂಪ್ಯಾನಿಯನ್’ ಚಾಕು ಇದಕ್ಕೆ ಒಳ್ಳೆಯ ಅಳತೆಗೋಲು. ಅಲಗು ಸುಮಾರು 104 ಮಿ.ಮೀ., ದಪ್ಪ ಬರೀ 2.5 ಮಿ.ಮೀ. ಅಲ್ಲಿನ ಬಡಗಿಗಳು, ಮೀನುಗಾರರು, ಸೈನಿಕರು ಬಳಸುವ ಚಾಕುಗಳ ಬಳಗ ಅದು, ಬೆಲೆಯೂ ಆಟೋಪದ್ದಲ್ಲ. ಅದರ ಅಲಗಿನ ಬುಡ ಹಿಡಿಯ ಕೊನೆಯವರೆಗೆ ಹೋಗುವುದಿಲ್ಲ. ಬಡಿಯುವ ಚಟವಿರುವವರಿಗೆ ಅದೇ ಕಂಪನಿಯ ‘ಗಾರ್ಬರ್ಗ್’ ಇದೆ: 109 ಮಿ.ಮೀ. ಉದ್ದ, 3.2 ಮಿ.ಮೀ. ದಪ್ಪ, ಉಕ್ಕು ಹಿಡಿಯ ತುದಿಯಲ್ಲಿ ಹೊರಗೆ ಕಾಣುತ್ತದೆ. ಇದಕ್ಕೆ ‘ಫುಲ್ ಟ್ಯಾಂಗ್’ ಎನ್ನುತ್ತಾರೆ. ಮೂರು ಮಿಲಿಮೀಟರಿನ ಆಸುಪಾಸು, ಫುಲ್ ಟ್ಯಾಂಗ್, ನಾಲ್ಕು ಇಂಚು. ಈ ಮೂರು ಮಾತು ನೆನಪಿದ್ದರೆ ಬ್ರ್ಯಾಂಡು ಯಾವುದಾದರೂ ಆದೀತು.

ಅಲಗನ್ನು ಹೇಗೆ ಇಳಿಸಿದ್ದಾರೆ ಎಂಬುದನ್ನೂ ನೋಡಬೇಕು. ಮೋರಾ ಚಾಕುಗಳಲ್ಲಿ ಎರಡೂ ಬದಿಯ ಇಳಿಜಾರು ಒಂದೇ ಸಮತಟ್ಟಾಗಿ ನೇರ ಅಂಚಿಗೇ ಬಂದು ಸೇರುತ್ತದೆ. ಸಾಣೆಕಲ್ಲಿನ ಮೇಲೆ ಆ ಇಳಿಜಾರನ್ನೇ ಕೂರಿಸಿ ಉಜ್ಜಿದರೆ ಕೋನ ತಾನಾಗಿ ಬರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಕಡ್ಡಿಯಿಂದ ಸಿಬಿರು ಹೆರೆಯಲೂ ಇದು ಚೆನ್ನ. ಬೆನ್ನಿನಿಂದಲೇ ಇಳಿದು ಬರುವ ಅಲಗು ತರಕಾರಿಗೆ ಇನ್ನೂ ಚೆನ್ನ, ಆದರೆ ಅದಕ್ಕೆ ಅಂಚಿನಲ್ಲಿ ಇನ್ನೊಂದು ಸಣ್ಣ ಕೋನ ಇರುವುದರಿಂದ ಸಾಣೆಗೆ ಕೈ ಪಳಗಿರಬೇಕು. ಅರ್ಧ ಅಂಚಿಗೆ ಹಲ್ಲು ಕೊರೆದ ಚಾಕು ಬೇಡ. ಅಂಗಡಿಯಲ್ಲಿ ಹಗ್ಗ ಕೊಯ್ದು ತೋರಿಸುತ್ತಾರೆ, ಹಲ್ಲು ಮೊಂಡಾದ ಮೇಲೆ ಮನೆಯ ಕಲ್ಲಿನಲ್ಲಿ ಅದಕ್ಕೆ ಮದ್ದಿಲ್ಲ.

ಇನ್ನು ಉಕ್ಕು. ಠಾಣೆಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದೂ ನಾಲ್ಕು ತಿಂಗಳಲ್ಲಿ. ಪಕ್ಕದಲ್ಲೇ ಖಾಡಿ, ಗಾಳಿಯಲ್ಲಿ ಉಪ್ಪು. ಜುಲೈಯಲ್ಲಿ ಕಬ್ಬಿಣದ ಕಾವಲಿ ತೊಳೆದು ಒರೆಸದೆ ಬಿಟ್ಟ ಯಾವ ಗೃಹಿಣಿಗೂ ಇಲ್ಲಿ ತುಕ್ಕಿನ ಪಾಠ ಹೇಳಬೇಕಿಲ್ಲ. ‘1095’ ಎಂಬ ಇಂಗಾಲದ ಉಕ್ಕು ಅಮೆರಿಕದ ಚಾಕುಪ್ರಿಯರಿಗೆ ಅಚ್ಚುಮೆಚ್ಚು. ಅದರಲ್ಲಿ ಇಂಗಾಲ ಶೇಕಡಾ 0.95ರಷ್ಟು, ಹರಿತ ಚೆನ್ನಾಗಿ ಬರುತ್ತದೆ. ಆದರೆ ನಮ್ಮ ಮಾವಿನಕಾಯಿ, ಕೋಕಂ, ನಿಂಬೆ ಅದನ್ನು ಒಂದೇ ಊಟಕ್ಕೆ ಕಪ್ಪಾಗಿಸುತ್ತವೆ. ಕಪ್ಪಾದದ್ದು ಕೆಟ್ಟದ್ದಲ್ಲ, ಆ ಪದರ ತುಕ್ಕನ್ನು ಸ್ವಲ್ಪ ತಡೆಯುತ್ತದೆ. ಕೆಂಪು ತುಕ್ಕು ಬೇರೆ, ಅದು ಉಕ್ಕನ್ನೇ ತಿನ್ನುತ್ತದೆ. ದಿನಾ ಒರೆಸಿ ಎಣ್ಣೆ ಸವರುವ ಶಿಸ್ತು ಇದ್ದವರಿಗೆ ಇಂಗಾಲದ ಉಕ್ಕು ಸರಿ. ಇಲ್ಲದವರಿಗೆ, ಅಂದರೆ ಬಹುಪಾಲು ನಮ್ಮೆಲ್ಲರಿಗೆ, ಸ್ಟೇನ್‌ಲೆಸ್.

ಸ್ಟೇನ್‌ಲೆಸ್ ಎಂದರೆ ಊಟದ ತಟ್ಟೆಯ ಸ್ಟೀಲಲ್ಲ. 12ಸಿ27, 14ಸಿ28ಎನ್ ಎಂಬ ಸ್ವೀಡಿಷ್ ಉಕ್ಕುಗಳಲ್ಲಿ ಕ್ರೋಮಿಯಂ ಶೇಕಡಾ 14ರ ಹತ್ತಿರ ಇದೆ, ಹದ ಹಾಕಿದರೆ ಗಡಸೂ ಆಗುತ್ತವೆ. ಎರಡನೆಯದರಲ್ಲಿ ತುಸು ಸಾರಜನಕವನ್ನೂ ಬೆರೆಸಿದ್ದಾರೆ, ತುಕ್ಕು ತಡೆಯುವುದಕ್ಕೆಂದೇ. ಕಡಿಮೆ ಬೆಲೆಗೆ ಸಿಗುವ 420ಎಚ್‌ಸಿ ಕೂಡ ಹದ ಸರಿಯಿದ್ದರೆ ಮೋಸ ಮಾಡುವುದಿಲ್ಲ. ಈಚೆಗೆ ಎಲ್ಲೆಡೆ ಕಾಣುವ ‘ಡಿ2’ ವಿಷಯದಲ್ಲಿ ಮಾತ್ರ ಎಚ್ಚರ. ಅದರಲ್ಲೂ ಕ್ರೋಮಿಯಂ ಶೇಕಡಾ 12ರಷ್ಟಿದೆ, ಆದರೆ ಅದರಲ್ಲಿ ಸಾಕಷ್ಟು ಭಾಗ ಇಂಗಾಲದ ಜೊತೆ ಗಟ್ಟಿ ಕಣಗಳಾಗಿ ಕಟ್ಟಿಕೊಂಡಿರುವುದರಿಂದ ತುಕ್ಕಿನ ವಿರುದ್ಧ ಕಾಯುವುದಕ್ಕೆ ಉಳಿಯುವುದು ಕಡಿಮೆ. ಖಾಡಿಯ ಗಾಳಿಯಲ್ಲಿ ಅದರ ಮೇಲೆ ಚುಕ್ಕೆ ಏಳುತ್ತದೆ. ಹರಿತ ಬಹಳ ಕಾಲ ನಿಲ್ಲುತ್ತದೆ ನಿಜ, ಆದರೆ ಹೋದ ಮೇಲೆ ಮನೆಯ ಕಲ್ಲಿನಲ್ಲಿ ಮರಳಿಸುವುದು ಬೆವರಿಳಿಸುವ ಕೆಲಸ. ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಬರೆದಿರುತ್ತಾರೆ. 56ರಿಂದ 60ರ ನಡುವೆ ಇದ್ದರೆ ಕ್ಯಾಂಪಿಗೆ ಸಾಕು. 62 ಎಂದು ಹೆಮ್ಮೆಯಿಂದ ಬರೆದದ್ದು ಕೋಳಿಯ ಎಲುಬಿಗೆ ತಾಗಿದಾಗ ಅಂಚು ಚಕ್ಕೆ ಏಳಬಹುದು.

ಉಕ್ಕಿನ ಹೆಸರುಗಳನ್ನು ವಿದೇಶದಿಂದ ಕಲಿಯುವ ನಮ್ಮ ಹುಡುಗರಿಗೆ ಒಂದು ಹಳೆಯ ಸಂಗತಿ ಹೇಳಿದರೆ ನಂಬುವುದಿಲ್ಲ. 1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಇಲ್ಲಿನ ‘ವೂಟ್ಸ್’ ಉಕ್ಕಿನ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಯೋಗ ಮಾಡಿ ಪ್ರಬಂಧ ಪ್ರಕಟಿಸಿದ, ಉಕ್ಕು ಮುಂಬಯಿಯಲ್ಲೇ ತಯಾರಾದದ್ದು ಎಂದು ಶೀರ್ಷಿಕೆಯಲ್ಲೇ ಬರೆದ. ಆದರೆ ಈ ಬಗೆಯ ಮೂಸೆ ಉಕ್ಕಿನ ತವರು ದಕ್ಷಿಣದ ಒಳನಾಡು. ಕೆಲವೇ ವರ್ಷಗಳ ನಂತರ, 1800–01ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಅಲ್ಲಿನ ಹಳ್ಳಿಗಳಲ್ಲಿ ಉಕ್ಕು ಕಾಯಿಸುವ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಅಂದು ನಮ್ಮ ನಾಡಿನ ಉಕ್ಕನ್ನು ಯುರೋಪು ಪರೀಕ್ಷಿಸುತ್ತಿತ್ತು, ಇಂದು ಡೊಂಬಿವಿಲಿಯ ಅಳಿಯ ಸ್ವೀಡನ್ನಿನ ಉಕ್ಕಿನ ಅಂಕಿ ಬಾಯಿಪಾಠ ಮಾಡುತ್ತಾನೆ. ಇರಲಿ.

ಎಂಥ ಉಕ್ಕಾದರೂ ಅದನ್ನು ಹಾಳುಮಾಡುವ ಸುಲಭ ದಾರಿ ನಮ್ಮ ಬೀದಿಯಲ್ಲೇ ಬರುತ್ತದೆ. ಸೈಕಲ್ ಸ್ಟ್ಯಾಂಡು ಹಾಕಿ, ಪೆಡಲು ತುಳಿದು ಕಲ್ಲಿನ ಚಕ್ರ ತಿರುಗಿಸುವ ಧಾರ್‌ವಾಲಾಗಳು ನೌಪಾಡಾದ ಗಲ್ಲಿಗಳಲ್ಲಿ ಇನ್ನೂ ಕೂಗುತ್ತ ಹೋಗುತ್ತಾರೆ. ಈಳಿಗೆ ಮಣೆಗೆ, ಮನೆಯ ಚೂರಿಗೆ ಅವರ ಕೈ ಒಳ್ಳೆಯದೇ. ಆದರೆ ತೆಳು ಅಲಗು ಒಣಚಕ್ರದ ಮೇಲೆ ಒತ್ತಿ ನಿಂತರೆ ಅಂಚು ಕಾಯುತ್ತದೆ. ಉಕ್ಕು ಸುಮಾರು 220 ಡಿಗ್ರಿಯಲ್ಲಿ ಹುಲ್ಲಿನ ಬಣ್ಣಕ್ಕೆ, 300ರ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಅಂಚಿನಲ್ಲಿ ನೀಲಿ ಕಂಡರೆ ಅಲ್ಲಿನ ಹದ ಹೋಯಿತು, ಮತ್ತೆ ಎಷ್ಟು ಉಜ್ಜಿದರೂ ಆ ಭಾಗದಲ್ಲಿ ಹರಿತ ನಿಲ್ಲುವುದಿಲ್ಲ. ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ ಇರುವ ನೀರುಕಲ್ಲು ಮನೆಯಲ್ಲಿದ್ದರೆ ಸಾಕು. ನಿಧಾನಕ್ಕೆ, ನೀರು ಹಾಕುತ್ತ, ಎರಡೂ ಬದಿಗೆ ಸಮವಾಗಿ. ಕ್ಯಾಂಪಿನಲ್ಲಿ ಹರಿತ ತಗ್ಗಿದರೆ ಪಿಂಗಾಣಿ ಕಪ್ಪಿನ ತಳದಲ್ಲಿ ಮೆರುಗಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಮೆಲ್ಲಗೆ ಎಳೆದರೆ ಊಟದ ಮಟ್ಟಿಗೆ ಕೆಲಸ ನಡೆಯುತ್ತದೆ. ಮನೆಯಲ್ಲಾದರೆ ಉಪ್ಪಿನಕಾಯಿ ಭರಣಿಯ ತಳ. ನನ್ನ ಅಜ್ಜಿ ಅಂಕೋಲೆಯ ಮನೆಯಲ್ಲಿ ಮಾಡುತ್ತಿದ್ದುದೂ ಇದನ್ನೇ, ಯಾವ ವೀಡಿಯೊವನ್ನೂ ನೋಡದೆ.

ಹಿಡಿಯ ವಿಷಯದಲ್ಲಿ ಅಂಗಡಿಯವರ ಮಾತಿಗಿಂತ ಸ್ವಂತ ಕೈ ಸಾಕ್ಷಿ. ನಯಗೊಳಿಸಿದ ಶೀಶಮ್ ಮರ, ಹಿತ್ತಾಳೆಯ ಮೊಳೆ ಫೋಟೋದಲ್ಲಿ ಚೆಂದ. ಕೋಳಿಯ ಕೊಬ್ಬು, ಮಳೆಯ ನೀರು ಸೇರಿದ ಕೈಯಲ್ಲಿ ಅದು ಜಾರುತ್ತದೆ. ರಬ್ಬರು ಹೊದಿಸಿದ್ದು ನೋಟಕ್ಕೆ ಸಾಧಾರಣ, ಹಿಡಿತಕ್ಕೆ ಭದ್ರ. ಅಲಗಿನ ಬುಡದಲ್ಲಿ ಬೆರಳು ಮುಂದೆ ಜಾರದಂತೆ ಒಂದು ತಡೆ ಇರಬೇಕು. ಅಂಗಡಿಗೆ ಹೋದರೆ ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಬೇಕು, ಮಾರುವವನು ಮುಖ ಗಂಟಿಕ್ಕಿದರೂ ಸರಿ. ನಮ್ಮ ಗುಂಪಿನ ಹೆಣ್ಣುಮಕ್ಕಳು ಬಹಳ ಕಾಲ ಗಂಡಸರ ಅಂಗೈಗೆ ಮಾಡಿದ ದಪ್ಪ ಹಿಡಿಯಲ್ಲೇ ಕೆಲಸ ಮಾಡಿದರು. ಬೆರಳು ಸುತ್ತಿ ಬರದ ಹಿಡಿಯನ್ನು ಬಿಗಿಯಾಗಿ ಹಿಡಿಯಲು ಹೋದರೆ ಮಣಿಕಟ್ಟು ಸೋಲುತ್ತದೆ. ಹಿಡಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣನ್ನು ಮುಟ್ಟಿದರೆ ಅಳತೆ ಸರಿ. ಅಡುಗೆ ಹೆಚ್ಚಾಗಿ ಅವರ ಪಾಲಿಗೇ ಬಿಡುವ ಗುಂಪುಗಳು ಚಾಕು ಕೊಳ್ಳುವಾಗ ಮಾತ್ರ ಅವರನ್ನು ಕೇಳುವುದಿಲ್ಲ.

ಒರೆಯನ್ನು ಕೊನೆಗೆ ನೋಡುವುದು ರೂಢಿ, ಅದನ್ನೇ ಮೊದಲು ನೋಡಿದರೂ ತಪ್ಪಿಲ್ಲ. ಚಾಕು ಕೈಯಲ್ಲಿರುವುದು ದಿನಕ್ಕೆ ಕೆಲವೇ ನಿಮಿಷ, ಉಳಿದ ಹೊತ್ತೆಲ್ಲ ಒರೆಯಲ್ಲೇ. ತಲೆಕೆಳಗು ಮಾಡಿ ಜಾಡಿಸಿದರೆ ಬೀಳದಷ್ಟು ಬಿಗಿ ಇರಬೇಕು, ತಳದಲ್ಲಿ ನೀರು ಇಳಿಯಲು ತೂತು ಇರಬೇಕು. ಚರ್ಮದ ಒರೆ ನಮ್ಮ ಮಳೆಗಾಲದಲ್ಲಿ ಒದ್ದೆ ಹೀರಿ ಬೂಸಲು ಹಿಡಿಯುತ್ತದೆ, ಚರ್ಮ ಹದಮಾಡಿದ ರಸಾಯನ ಉಕ್ಕನ್ನೂ ಕಚ್ಚುತ್ತದೆ. ಪ್ಲಾಸ್ಟಿಕ್ ಒರೆ ತೊಳೆದು ಒಣಗಿಸಲು ಸುಲಭ. ಲೋಕಲ್‌ನಲ್ಲಿ ಹೋಗುವಾಗ ಚಾಕು ಸೊಂಟದಲ್ಲಿ ಅಲ್ಲ, ಒರೆಯ ಸಮೇತ ಪಾತ್ರೆಯೊಳಗೆ, ಪಾತ್ರೆ ಚೀಲದ ತಳದಲ್ಲಿ, ಸೌಟು ಚಮಚಗಳ ಜೊತೆ. ಮನಾಯಿ ಆದೇಶ ಇದ್ದರೆ ಅದೂ ಬೇಡ.

ಅಳಿಯ ಕೊನೆಗೆ ಕೊಂಡದ್ದು ಸ್ಟೇನ್‌ಲೆಸ್ ಅಲಗಿನ, ರಬ್ಬರು ಹಿಡಿಯ, ನಾಲ್ಕು ಇಂಚಿನ ಚಾಕು. ಹನ್ನೆರಡು ಇಂಚಿನದಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಉಳಿದದ್ದಕ್ಕೆ ತಲೆಗೆ ಕಟ್ಟುವ ದೀಪ, ನೀರುಕಲ್ಲು, ಗಾಯಕ್ಕೆ ಒತ್ತಿ ಕಟ್ಟುವ ಬ್ಯಾಂಡೇಜು ಬಂತು. ಈಗ ಅವನ ಗೆಳೆಯರು ಅವನನ್ನು ಕೇಳುತ್ತಾರೆ, ಅವನು ಅವರಿಗೆ ಕಲಮು 31ನ್ನು ನನಗಿಂತ ಗಟ್ಟಿ ದನಿಯಲ್ಲಿ ಹೇಳುತ್ತಾನೆ. ಪವನಾದಲ್ಲಿ ಚಾಕು ಒಬ್ಬರಿಂದ ಒಬ್ಬರಿಗೆ ಕೈಯಿಂದ ಕೈಗೆ ಹೋಗುವುದಿಲ್ಲ. ಹಲಗೆಯ ಮೇಲೆ ಇಡುತ್ತಾರೆ, ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಕತ್ತಲಾದ ಮೇಲೆ ಹೆರೆಯುವ ಕೆಲಸ ಇಲ್ಲ. ಅಲಗು ಮೊಣಕಾಲಿನ ಕಡೆ, ತೊಡೆಗಳ ನಡುವೆ ಓಡುವಂತೆ ಕೂರುವವನನ್ನು ಎಬ್ಬಿಸಿ ಬೇರೆ ಕಡೆ ಕೂರಿಸುತ್ತಾರೆ, ತೊಡೆಯ ಒಳಮೈಯ ದೊಡ್ಡ ರಕ್ತನಾಳ ಕೊಯ್ದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಇರುವುದಿಲ್ಲ.

ಜೂನ್ ಮೊದಲ ವಾರ ಚಾಕುವನ್ನು ತೊಳೆದು, ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಫ್ಯಾನಿನ ಕೆಳಗೆ ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಒರೆಯಿಂದ ಬೇರೆಯಾಗಿ ಒಣಬಟ್ಟೆಯಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದ ಕಪಾಟಿನ ಮೇಲಿಡುತ್ತೇವೆ. ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಇಟ್ಟರೆ ಕಮಟುತ್ತದೆ ಎಂಬ ತಕರಾರು ಉಂಟು, ನಿಜ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಕಮಟುವುದಿಲ್ಲ, ಅಡುಗೆಯ ಚಾಕುವಿಗೂ ನಡೆಯುತ್ತದೆ. ಗಣೇಶ ಚೌತಿಯ ಹೊತ್ತಿಗೆ ಒಮ್ಮೆ ತೆಗೆದು ನೋಡಿ, ಹಿಡಿ ಮತ್ತು ಅಲಗು ಸೇರುವ ಸಂದಿಯಲ್ಲಿ ಕೆಂಪು ಚುಕ್ಕೆ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಎಣ್ಣೆ ಹಚ್ಚಬೇಕು. ತುಕ್ಕು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.